ಅರಿತ ಧರ್ಮ, ಬಾಳಿದ ಧರ್ಮ

ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸುವ ಹುಡುಗನು ಸಂತೆಗೆ ಹೋದಾಗ ಎರಡೂವರೆ ಕಿಲೋ ಜೋಳದ ಬೆಲೆ ಎಷ್ಟಾಯಿತೆಂದು ಹೇಳಲಾರದೆ ನಿಲ್ಲುವುದನ್ನು ಶಿಕ್ಷಕರಾದ ನಾವು ಮೇಲಿಂದ ಮೇಲೆ ಕಾಣುತ್ತೇವೆ. ಅವನಿಗೆ ಮಗ್ಗಿ ಬರುತ್ತದೆ, ಲೆಕ್ಕ ಬರುವುದಿಲ್ಲ. ಆರೋಗ್ಯದ ಪಾಠದಲ್ಲಿ ಪೂರ್ತಿ ಅಂಕ ಪಡೆದ ಹುಡುಗಿಯು ಊಟಕ್ಕೆ ಕೂಡುವಾಗ ಕೈ ತೊಳೆಯದಿರುವುದೂ ಉಂಟು. ತರಬೇತಿ ಸಂಸ್ಥೆಯಲ್ಲಿ ಪಾಠಟಿಪ್ಪಣಿ ಬರೆಯುವುದನ್ನು ಕಲಿಸುವಾಗ ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲ ಎಂದು ಪಾಠದ ಉದ್ದೇಶಗಳನ್ನು ನಾಲ್ಕಾಗಿ ವಿಂಗಡಿಸಿ ಬರೆಯಿಸುತ್ತಿದ್ದರು. ಇವುಗಳಲ್ಲಿ ಮೊದಲನೆಯದನ್ನು ಪರೀಕ್ಷಿಸುವುದು ಅತಿ ಸುಲಭ. ಆದುದರಿಂದ ನಮ್ಮ ಪರೀಕ್ಷೆಗಳು ಬಹುಮಟ್ಟಿಗೆ ಅಲ್ಲಿಯೇ ನಿಂತುಬಿಡುತ್ತವೆ; ಪಾಲಕರೂ ಅಂಕಪಟ್ಟಿಯನ್ನು ನೋಡಿ ಸಂತೋಷಪಟ್ಟು ಮನೆಗೆ ಹೋಗುತ್ತಾರೆ.

ಧರ್ಮದ ವಿಷಯದಲ್ಲಿಯೂ ಇದೇ ನಡೆಯುತ್ತಿದೆಯೆ? ಗಡಿನಾಡಿನ ಕನ್ನಡ ಕುಟುಂಬಗಳಲ್ಲಿ ಕ್ರೈಸ್ತ ಮತವನ್ನು ಅನುಸರಿಸುವ ಮನೆಗಳು ಸಂಖ್ಯೆಯಲ್ಲಿ ಹೆಚ್ಚಲ್ಲ. ಆದರೂ ಆ ಮನೆಗಳ ಮಕ್ಕಳು ರವಿವಾರದ ಶಾಲೆಗೆ ಹೋಗುತ್ತಾರೆ. ಹತ್ತು ಆಜ್ಞೆಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಹನ್ನೆರಡು ಮಂದಿ ಶಿಷ್ಯರ ಹೆಸರುಗಳನ್ನು ಕೇಳಿದರೆ ತಡವರಿಸುವುದಿಲ್ಲ. ಹಿರಿಯರಿಗೆ ಹಾಡುಗಳು ಬಾಯಿಪಾಠ, ಹಬ್ಬದ ಕ್ರಮ ಗೊತ್ತು, ದೀಕ್ಷಾಸ್ನಾನದ ದಿನಾಂಕ ಗೊತ್ತು. ಸತ್ಯವೇದವು ಕನ್ನಡದಲ್ಲಿ ಅಚ್ಚಾದದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ. ಬಳ್ಳಾರಿಯಲ್ಲಿ ನೆಲಸಿದ್ದ ಜಾನ್ ಹ್ಯಾಂಡ್ಸರು ಅದಕ್ಕಾಗಿ ವರ್ಷಗಟ್ಟಲೆ ದುಡಿದರು. ಹೀಗೆ ತಿಳಿವಿಗೆ ನಮ್ಮಲ್ಲಿ ಕೊರತೆಯಿಲ್ಲ. ಆ ತಿಳಿವು ಅಡುಗೆಮನೆಗೆ, ಹೊಲದ ಬದುವಿಗೆ, ಬೀಗತನದ ಮಾತುಕತೆಗೆ, ಪಕ್ಕದ ಕೇರಿಗೆ ಇಳಿದು ಬಂದಿದೆಯೆ ಎಂಬುದೇ ವಿಚಾರ ಮಾಡಬೇಕಾದ ಸಂಗತಿ. ಕ್ರೈಸ್ತರಲ್ಲದ ಓದುಗರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬೇಕಾಗಿಲ್ಲ. ನುಡಿಗೂ ನಡೆಗೂ ನಡುವೆ ಬೀಳುವ ಅಂತರ ಎಲ್ಲ ಮನೆಗಳಲ್ಲಿಯೂ ಒಂದೇ.

ಬೋಧಕನೂ ಸುಂಕದವನೂ

ಸುವಾರ್ತೆಗಳಲ್ಲಿ ಈ ಅಂತರವನ್ನು ತೋರಿಸುವ ಎರಡು ಪ್ರಸಂಗಗಳಿವೆ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಬರುವ ನಿಕೊದೇಮನು ಸಾಮಾನ್ಯನಲ್ಲ. ಅವನು ಜನರಿಗೆ ಧರ್ಮಶಾಸ್ತ್ರವನ್ನು ಕಲಿಸುವ ಬೋಧಕ. ಹಿರಿಯರ ಸಭೆಯ ಸದಸ್ಯ. ಅವನು ರಾತ್ರಿಯ ಹೊತ್ತಿನಲ್ಲಿ ಯೇಸುವಿನ ಬಳಿಗೆ ಬಂದು ಗೌರವದಿಂದ ಮಾತಾಡುತ್ತಾನೆ. ಅವನಿಗೆ ಸಿಕ್ಕ ಉತ್ತರವು ಇನ್ನೊಂದು ಗ್ರಂಥವನ್ನು ಓದಬೇಕೆಂದಾಗಲಿ ಇನ್ನೊಂದು ವ್ರತವನ್ನು ಹಿಡಿಯಬೇಕೆಂದಾಗಲಿ ಅಲ್ಲ, ಹೊಸದಾಗಿ ಹುಟ್ಟಬೇಕೆಂದು. ಇಷ್ಟೆಲ್ಲ ಕಲಿಸುವವನಿಗೆ ಇದೇ ತಿಳಿಯದೆ ಹೋಯಿತೆ ಎಂಬ ಆಶ್ಚರ್ಯವೂ ಆ ಸಂಭಾಷಣೆಯಲ್ಲಿದೆ. ಶಿಕ್ಷಕರ ವೃತ್ತಿಯಲ್ಲಿರುವವರು ಆ ಭಾಗವನ್ನು ಓದುವಾಗ ಸ್ವಲ್ಪ ಹೊತ್ತು ನಿಲ್ಲದೆ ಮುಂದೆ ಹೋಗಲಾರರು.

ಇನ್ನೊಂದು ಪ್ರಸಂಗ ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದ್ದು. ಜಕ್ಕಾಯನು ಸುಂಕ ವಸೂಲಿಯ ಮುಖ್ಯಸ್ಥ, ಹಣವಂತ, ಊರಿನವರ ಕಣ್ಣಿಗೆ ಪಾಪಿ. ಯೇಸುವನ್ನು ನೋಡಬೇಕೆಂಬ ಆಸೆಯಿಂದ ಮರ ಹತ್ತಿದವನು ಅವನು. ಯೇಸು ಅವನ ಮನೆಗೆ ಹೋಗಿ ಅತಿಥಿಯಾದಾಗ ಜಕ್ಕಾಯನು ಸಿದ್ಧಾಂತದ ಚರ್ಚೆಯನ್ನು ಎತ್ತಲಿಲ್ಲ. ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದೂ ಮೋಸದಿಂದ ತೆಗೆದುಕೊಂಡದ್ದಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದೂ ಎದ್ದುನಿಂತು ಹೇಳಿದನು. ರಕ್ಷಣೆಯು ಈ ಹೊತ್ತು ಈ ಮನೆಗೆ ಬಂದಿತೆಂಬ ಮಾತು ಹೊರಟದ್ದು ಆಗ. ತಿಳಿದವನು ರಾತ್ರಿಯಲ್ಲಿ ಬಂದು ಪ್ರಶ್ನೆ ಕೇಳಿ ಹೋದನು; ತಿಳಿಯದವನು ಹಗಲಿನಲ್ಲಿ ಲೆಕ್ಕದ ಪುಸ್ತಕವನ್ನು ಬಿಚ್ಚಿದನು. ನಿಕೊದೇಮನೂ ಮುಂದೆ ಬದಲಾದನು. ಶಿಲುಬೆಯಿಂದ ಇಳಿಸಿದ ದೇಹವನ್ನು ಹೂಳಲು ಸುಗಂಧದ್ರವ್ಯಗಳನ್ನು ತಂದವರಲ್ಲಿ ಅವನೂ ಒಬ್ಬನು. ಶಿಷ್ಯರು ಓಡಿಹೋದ ಹೊತ್ತಿನಲ್ಲಿ ಅವನು ಬಹಿರಂಗವಾಗಿ ಬಂದನು.

ಗಂಗಾಮೂಲದ ಮಗಳು

ಇವು ದೂರದೇಶದ, ದೂರಕಾಲದ ಕಥೆಗಳೆಂದು ಯಾರಾದರೂ ಹೇಳಿಯಾರು. ಹಾಗಾದರೆ ನಮ್ಮ ನಾಡಿನಲ್ಲಿಯೇ ಹುಟ್ಟಿ, ನಾವು ಈಗ ಬಾಳುತ್ತಿರುವ ಮಹಾರಾಷ್ಟ್ರದಲ್ಲಿಯೇ ದುಡಿದು ಮಡಿದ ಒಬ್ಬ ಮಹಿಳೆಯ ಜೀವನವನ್ನು ನೋಡೋಣ. ಪಂಡಿತಾ ರಮಾಬಾಯಿಯವರು 1858ರ ಏಪ್ರಿಲ್ 23ರಂದು ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳ ಗ್ರಾಮದವರು. ಮನೆಯ ಮಾತು ಮರಾಠಿ. ಕನ್ನಡ ನೆಲದಲ್ಲಿ ಮರಾಠಿ ಮಾತಾಡುತ್ತಿದ್ದ ಆ ಮನೆತನವು ಮರಾಠಿ ರಾಜ್ಯದಲ್ಲಿ ಕನ್ನಡ ಮಾತಾಡುವ ನಮ್ಮ ಸ್ಥಿತಿಗೆ ಕನ್ನಡಿ ಹಿಡಿದಂತಿದೆ. ರಮಾಬಾಯಿಯವರಿಗೆ ಕನ್ನಡವೂ ಬರುತ್ತಿತ್ತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

ಹೆಂಗಸರಿಗೆ ಸಂಸ್ಕೃತ ಕಲಿಸಬಾರದೆಂಬ ಕಾಲದಲ್ಲಿ ಅನಂತಶಾಸ್ತ್ರಿಗಳು ಹೆಂಡತಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದರು. ಅದಕ್ಕಾಗಿ ತಮ್ಮವರಿಂದಲೇ ವಿರೋಧವನ್ನು ಎದುರಿಸಿದರು. ತಾಯಿಯು ಮಗಳಿಗೆ ಕಲಿಸಿದರು. ಹನ್ನೆರಡು ವರ್ಷದ ಸುಮಾರಿಗೆ ಭಾಗವತದ 18,000 ಶ್ಲೋಕಗಳು ಆ ಹುಡುಗಿಗೆ ಬಾಯಿಪಾಠವಾಗಿದ್ದವೆಂಬುದು ಪ್ರಸಿದ್ಧ. ಆಸ್ತಿ ಕರಗಿದ ಮೇಲೆ ಕುಟುಂಬವು ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತ, ಪುರಾಣ ಹೇಳುತ್ತ ಬಾಳಿತು. 1874ರಿಂದ ಮುಂದಿನ ಬರಗಾಲದ ವರ್ಷಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಸುತ್ತಿ 1878ರಲ್ಲಿ ಕಲಕತ್ತೆಯನ್ನು ತಲುಪಿದಾಗ ಅಲ್ಲಿನ ವಿದ್ವಾಂಸರು ಈ ಇಪ್ಪತ್ತರ ತರುಣಿಯನ್ನು ಪರೀಕ್ಷಿಸಿ ಬೆರಗಾದರು. ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದು ಕೊಟ್ಟರು.

ಮುಂದಿನ ನಾಲ್ಕೈದು ವರ್ಷಗಳು ದುಃಖದ ಸರಮಾಲೆ. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹ. 1881ರಲ್ಲಿ ಮಗಳು ಮನೋರಮೆಯ ಜನನ. 1882ರಲ್ಲಿ ಕಾಲರಾ ಬೇನೆಗೆ ಪತಿಯ ಮರಣ. ಇಪ್ಪತ್ತನಾಲ್ಕರ ವಿಧವೆಯು ಕೂಸನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಶಿಕ್ಷಣದ ಬಗ್ಗೆ ವಿಚಾರಣೆ ನಡೆಸುತ್ತಿದ್ದ ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಹೇಳಿಕೆ ಕೊಟ್ಟರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಎಂಬಲ್ಲಿಯ ಕ್ರೈಸ್ತ ಸೋದರಿಯರ ಮಠದಲ್ಲಿ ಇಳಿದುಕೊಂಡರು. ಅದೇ ವರ್ಷದ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು.

ಅವರನ್ನು ಕ್ರೈಸ್ತ ಮತದ ಕಡೆಗೆ ಸೆಳೆದದ್ದು ಏನು? ತಮ್ಮ ಅನುಭವದ ಬರಹದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಲಂಡನ್ನಿನ ಫುಲ್ಹಮ್ ಭಾಗದಲ್ಲಿ ಸೋದರಿಯರು ನಡೆಸುತ್ತಿದ್ದ ಒಂದು ಮನೆಯನ್ನು ಅವರಿಗೆ ತೋರಿಸಲಾಯಿತು. ಸಮಾಜವು ಕೆಟ್ಟವರೆಂದು ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಪ್ರೀತಿಯಿಂದ ಸಾಕಿ, ಕೆಲಸ ಕಲಿಸಿ, ಮತ್ತೆ ಬದುಕಿಗೆ ಹಚ್ಚುತ್ತಿದ್ದರು. ಇಂಥವರ ಮೇಲೆ ನಿಮಗೆ ಇಷ್ಟು ಕರುಣೆ ಏಕೆ ಎಂದು ಕೇಳಿದಾಗ ಒಬ್ಬ ಸೋದರಿಯು ಬಾವಿಯ ಬಳಿ ಯೇಸುವು ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ ಪ್ರಸಂಗವನ್ನು ಓದಿ ವಿವರಿಸಿದರು. ಅಷ್ಟೊಂದು ಶಾಸ್ತ್ರಗಳನ್ನು ಓದಿದ್ದ ಪಂಡಿತೆಯ ಮನಸ್ಸನ್ನು ಮೊದಲು ಮುಟ್ಟಿದ್ದು ನಡೆಯಾಗಿ ಬಾಳಿದ್ದ ಒಂದು ಅಧ್ಯಾಯ. ವಾದದಲ್ಲಿ ಅವರನ್ನು ಸೋಲಿಸುವುದು ಯಾರಿಗೂ ಸುಲಭವಿರಲಿಲ್ಲ.

ಎಂಟು ವರ್ಷಗಳ ಅಂತರ

ಇಲ್ಲಿಗೆ ಕಥೆ ಮುಗಿಯಿತೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಮತ ಬದಲಾಯಿತು, ಹೆಸರು ಸಭೆಯ ದಾಖಲೆಯಲ್ಲಿ ಸೇರಿತು, ಇನ್ನೇನು ಉಳಿಯಿತು? ಆದರೆ ರಮಾಬಾಯಿಯವರ ಜೀವನದಲ್ಲಿ ನಮಗೆ ಪಾಠವಾಗುವ ಸಂಗತಿ ಇಲ್ಲಿಂದ ಮುಂದೆ ಇದೆ.

ದೀಕ್ಷಾಸ್ನಾನದ ನಂತರವೂ ಅವರು ಓದುತ್ತಲೇ ಇದ್ದರು, ಪ್ರಶ್ನಿಸುತ್ತಲೇ ಇದ್ದರು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದಾಗ ತಮ್ಮ ಹಿತೈಷಿಗಳೊಡನೆ ಸಿದ್ಧಾಂತಗಳ ಬಗ್ಗೆ ದೀರ್ಘ ಪತ್ರವ್ಯವಹಾರ ನಡೆಸಿದರು. ಗುರುಗಳು ಹೇಳಿದರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪಲಿಲ್ಲ. 1886ರಲ್ಲಿ ಅಮೆರಿಕೆಗೆ ಹೋಗಿ ಮೂರು ವರ್ಷ ಭಾಷಣ ಮಾಡುತ್ತ, ಉಚ್ಚ ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯ ಬಗ್ಗೆ 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿ, ಭಾರತದ ಬಾಲವಿಧವೆಯರಿಗಾಗಿ ನೆರವನ್ನು ಕೂಡಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಅಲ್ಲಿಯ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಬಾಲವಿಧವೆ ಗೋದುಬಾಯಿಯವರನ್ನೇ ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಮದುವೆಯಾದರು. ಕರ್ವೆಯವರು 1916ರಲ್ಲಿ ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯದ ಹಿನ್ನೆಲೆಯಲ್ಲಿ ಈ ಮನೆಯ ನೆನಪೂ ಇದೆ.

ಹೊರಗಿನಿಂದ ನೋಡಿದವರಿಗೆ ಇದಕ್ಕಿಂತ ಸಾರ್ಥಕವಾದ ಕ್ರೈಸ್ತ ಜೀವನ ಬೇರೆ ಕಾಣಲಿಕ್ಕಿಲ್ಲ. ಆದರೆ ರಮಾಬಾಯಿಯವರು 1907ರಲ್ಲಿ ಪ್ರಕಟವಾದ ತಮ್ಮ ಸಾಕ್ಷ್ಯದಲ್ಲಿ, ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳವರೆಗೆ ತಮಗೆ ಕ್ರೈಸ್ತ ಧರ್ಮ ದೊರಕಿತ್ತೇ ಹೊರತು ಆ ಧರ್ಮದ ಜೀವವಾದ ಕ್ರಿಸ್ತನು ದೊರಕಿರಲಿಲ್ಲ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಬುದ್ಧಿಗೆ ಒಪ್ಪಿಗೆಯಾದ ಒಳ್ಳೆಯ ಮತವೊಂದು ಸಿಕ್ಕಿತ್ತು. ಅಂತರಂಗಕ್ಕೆ ನೆಮ್ಮದಿ ಸಿಕ್ಕಿರಲಿಲ್ಲ. 1891ರ ಸುಮಾರಿಗೆ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಅವರ ಕೈಗೆ ಬಂದಿತು. ಈ ಹ್ಯಾಸ್ಲಮರ ಕಥೆಯೂ ಸ್ವಾರಸ್ಯವಾದದ್ದೇ. 1851ರಲ್ಲಿ ಅವರು ಕಾರ್ನ್‌ವಾಲ್ ಪ್ರಾಂತದ ತಮ್ಮ ಚರ್ಚಿನ ಪೀಠದಲ್ಲಿ ನಿಂತು ಜನರಿಗೆ ಪ್ರಸಂಗ ಮಾಡುತ್ತಿರುವಾಗಲೇ, ತಾನು ಹೇಳುತ್ತಿರುವುದು ಇಷ್ಟು ದಿನ ತನಗೇ ತಿಳಿದಿರಲಿಲ್ಲವೆಂಬ ಅರಿವು ಮೂಡಿ, ಅಲ್ಲಿಯೇ ಮನಃಪರಿವರ್ತನೆ ಹೊಂದಿದರು. ಅದನ್ನು ಓದಿದ ರಮಾಬಾಯಿಯವರು ತಮ್ಮನ್ನು ತಾವೇ ಪರೀಕ್ಷಿಸಿಕೊಂಡರು. ತಮ್ಮ ಪಾಂಡಿತ್ಯವನ್ನಾಗಲಿ ಸೇವೆಯನ್ನಾಗಲಿ ನೆಚ್ಚದೆ ದೇವರಿಗೆ ಶರಣಾದರು.

ಇಲ್ಲಿ ಗಮನಿಸತಕ್ಕದ್ದು ಒಂದಿದೆ. ಶರಣಾಗತಿಯಾದ ಮೇಲೆ ಅವರು ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ, ಸಂಸ್ಕೃತವನ್ನು ಮರೆಯಲಿಲ್ಲ, ಬಿಳಿ ಸೀರೆಯನ್ನೂ ಸಸ್ಯಾಹಾರವನ್ನೂ ಕೊನೆಯವರೆಗೆ ಬಿಡಲಿಲ್ಲ. ಉಡುಪು, ಊಟ, ಭಾಷೆ ಬದಲಾಯಿಸಿದರೆ ಮನುಷ್ಯ ಬದಲಾದನೆಂದು ತಿಳಿಯುವವರಿಗೆ ಇದು ವಿಚಿತ್ರವಾಗಿ ತೋರೀತು. ಬದಲಾದದ್ದು ಆ ಎಲ್ಲ ವಿದ್ಯೆ, ಶಕ್ತಿಗಳು ಯಾರಿಗಾಗಿ ದುಡಿಯಬೇಕೆಂಬುದು.

ಬರಗಾಲದ ಮಕ್ಕಳು

1893ರಲ್ಲಿ ಪುಣೆಯಲ್ಲಿ ದೊಡ್ಡ ವಿವಾದವೆದ್ದಿತು. ಶಾರದಾ ಸದನದಲ್ಲಿ ಮತಬೋಧೆ ಮಾಡುವುದಿಲ್ಲವೆಂದು ಹೇಳಿ, ಹುಡುಗಿಯರನ್ನು ತಮ್ಮ ಪ್ರಾರ್ಥನೆಗೆ ಸೇರಿಸಿಕೊಳ್ಳುತ್ತಿದ್ದಾರೆಂಬ ಆಕ್ಷೇಪಣೆ ಬಂದಿತು. ಪ್ರಾರ್ಥನೆ ಮಾಡುವಾಗ ತಮ್ಮ ಕೋಣೆಯ ಬಾಗಿಲು ತೆರೆದಿರುತ್ತದೆ, ಬರುವವರನ್ನು ಕರೆಯುವುದೂ ಇಲ್ಲ, ತಡೆಯುವುದೂ ಇಲ್ಲ ಎಂಬುದು ಅವರ ಉತ್ತರ. ರಾನಡೆ, ಭಾಂಡಾರಕರ ಅವರಂಥ ಹಿರಿಯರು ಸಲಹಾ ಸಮಿತಿಯನ್ನು ಬಿಟ್ಟರು. ಅನೇಕ ಹುಡುಗಿಯರನ್ನು ಪಾಲಕರು ಕರೆದುಕೊಂಡು ಹೋದರು. ಈ ವಿವಾದದಲ್ಲಿ ಎರಡೂ ಕಡೆಗೆ ನ್ಯಾಯವಿತ್ತೆಂದು ಇಂದು ನಿಧಾನವಾಗಿ ಯೋಚಿಸುವವರಿಗೆ ತೋರುತ್ತದೆ. ಮಕ್ಕಳನ್ನು ನಂಬಿ ಒಪ್ಪಿಸಿದ ತಾಯಿತಂದೆಗಳ ಆತಂಕ ಸುಳ್ಳಲ್ಲ. ಹಸಿದವರ ಹಸಿವನ್ನು ಮತದ ಬಲೆಯನ್ನಾಗಿ ಮಾಡಬಾರದೆಂಬ ಎಚ್ಚರಿಕೆಯು ಸೇವೆ ಮಾಡುವ ಎಲ್ಲರಿಗೂ ಇರತಕ್ಕದ್ದು. ತನ್ನ ಮನೆಯಲ್ಲಿ ತಾನು ಬಾಗಿಲು ತೆರೆದು ಪ್ರಾರ್ಥಿಸುವ ಹಕ್ಕು ಒಬ್ಬ ಹೆಂಗಸಿಗೆ ಇದೆಯೆಂಬುದೂ ಅಷ್ಟೇ ನಿಜ.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರ ಬರಗಾಲ ಬಿದ್ದಿತು. ತಾಯಿತಂದೆಗಳನ್ನು ಬರಗಾಲದಲ್ಲಿಯೇ ಕಳೆದುಕೊಂಡಿದ್ದ ರಮಾಬಾಯಿಯವರಿಗೆ ಮನೆಯಲ್ಲಿ ಕುಳಿತಿರಲು ಆಗಲಿಲ್ಲ. ಅವರು ಅಲ್ಲಿಗೆ ಹೋಗಿ ಅನಾಥರಾದ ಸುಮಾರು 300 ಮಂದಿ ಹೆಣ್ಣುಮಕ್ಕಳನ್ನೂ ಹೆಂಗಸರನ್ನೂ ಕರೆತಂದರು. ಅವರಲ್ಲಿ ಎಲ್ಲ ಜಾತಿಯವರಿದ್ದರು. ಅಲ್ಲಿಯವರೆಗೆ ಶಾರದಾ ಸದನವು ಮುಖ್ಯವಾಗಿ ಬ್ರಾಹ್ಮಣ ವಿಧವೆಯರ ಮನೆ. ಈಗ ಬಂದವರು ಎಲುಬು ಚರ್ಮವಾದ, ಹುಳ ಬಿದ್ದ ತಲೆಯ, ಶಿಸ್ತೆಂಬುದನ್ನೇ ಅರಿಯದ ಹಳ್ಳಿಯ ಮಕ್ಕಳು. ಅವರನ್ನು ಮೀಯಿಸಿ, ಉಣಿಸಿ, ರಾತ್ರಿಯ ಅಳುವನ್ನು ಸಂತೈಸುವ ಕೆಲಸಕ್ಕೆ ಭಾಗವತದ 18,000 ಶ್ಲೋಕಗಳಾಗಲಿ ಇಂಗ್ಲೆಂಡಿನ ಸಿದ್ಧಾಂತಚರ್ಚೆಗಳಾಗಲಿ ಸಾಕಾಗುವಂತಿರಲಿಲ್ಲ. ಎಂಟು ವರ್ಷಗಳ ಅಂತರವು ತುಂಬಿತೆಂಬುದಕ್ಕೆ ಪುರಾವೆಯನ್ನು ನಾವು ಇಲ್ಲಿ ಕಾಣುತ್ತೇವೆ.

ಪುಣೆಯಲ್ಲಿ ಪ್ಲೇಗು ಹಬ್ಬಿದ್ದ ದಿನಗಳವು; ಅಷ್ಟು ಜನರನ್ನು ಊರೊಳಗೆ ಇಡಲು ಅಧಿಕಾರಿಗಳ ಒಪ್ಪಿಗೆಯಿರಲಿಲ್ಲ. ಪುಣೆ–ಸೊಲ್ಲಾಪುರ ರೈಲುದಾರಿಯ ಕೇಡಗಾಂವದಲ್ಲಿ ಕೊಂಡಿಟ್ಟಿದ್ದ ಹೊಲಕ್ಕೆ ಎಲ್ಲರನ್ನೂ ಕರೆದೊಯ್ದರು. ಬಾವಿಗಳನ್ನು ತೋಡಿಸಿದರು, ಗಿಡ ನೆಡಿಸಿದರು, ಮನೆಗಳನ್ನು ಕಟ್ಟಿಸಿದರು. ಅದಕ್ಕೆ ‘ಮುಕ್ತಿ’ ಎಂದು ಹೆಸರಿಟ್ಟರು. ಗುಜರಾತಿನ ಕಡೆಯ 1899–1900ರ ಬರದ ನಂತರ ಅಲ್ಲಿ ಇದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಏರಿತು. ನೇಯ್ಗೆ, ಹೊಲಿಗೆ, ಒಕ್ಕಲುತನ, ಹೈನು, ಎಣ್ಣೆಯ ಗಾಣ, ಅಚ್ಚುಮೊಳೆ ಜೋಡಿಸುವುದು ಮೊದಲಾದ ಕೆಲಸಗಳನ್ನು ಹೆಂಗಸರೇ ಕಲಿತರು; ಕುರುಡ ಹುಡುಗಿಯರಿಗೆ ಉಬ್ಬು ಅಕ್ಷರದ ಓದನ್ನು ಮನೋರಮೆಯವರು ಕಲಿಸಿದರು. ನೀರಿಲ್ಲದ ಭೂಮಿಯ ಕಷ್ಟ ಏನೆಂಬುದು ಜತ್ತ ತಾಲ್ಲೂಕಿನವರಿಗೆ ಬೇರೆ ಹೇಳಬೇಕಾಗಿಲ್ಲ. ಕಬ್ಬು ಕಡಿಯಲು ಹೋದ ತಾಯಿತಂದೆಗಳ ಹಿಂದೆ ಹೋಗಿ ಅರ್ಧವರ್ಷ ಶಾಲೆಯನ್ನು ತಪ್ಪಿಸಿಕೊಳ್ಳುವ ಮಕ್ಕಳನ್ನು ಕಂಡವರಿಗೆ ಕೇಡಗಾಂವದ ಆ ಬಾವಿಗಳ ಬೆಲೆ ಬೇಗ ತಿಳಿಯುತ್ತದೆ.

1912ರಲ್ಲಿ ಅವರ ಕಣ್ಣು ಮತ್ತೆ ಕನ್ನಡ ನಾಡಿನ ಕಡೆಗೆ ತಿರುಗಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ಅವರು ಒಂದು ಶಾಲೆಯನ್ನು ಸ್ಥಾಪಿಸಿದರು. ಮನೋರಮೆಯವರು ಅದರ ಮುಖ್ಯಾಧ್ಯಾಪಿಕೆಯಾದರು. ವಿದ್ಯೆಯಲ್ಲಿ ಹಿಂದುಳಿದ ಆ ಭಾಗಕ್ಕೆ ಅದು ದೊಡ್ಡ ಉಪಕಾರ.

ಪಂಡಿತೆಯ ಸರಳ ಮಾತು

ರಮಾಬಾಯಿಯವರ ಕೊನೆಯ ಕೆಲಸವು ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು. ಮರಾಠಿ ಸತ್ಯವೇದದ ಭಾಷೆಯು ಸಂಸ್ಕೃತ ಪದಗಳಿಂದ ಭಾರವಾಗಿ, ಮುಕ್ತಿಯ ಹಳ್ಳಿಯ ಹೆಂಗಸರಿಗೆ ತಿಳಿಯದಂತಿತ್ತು. ಅವರಿಗಾಗಿ ಮತ್ತೆ ಅನುವಾದಿಸಬೇಕೆಂದು ಹೊರಟ ರಮಾಬಾಯಿಯವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಆಗ ಅವರ ವಯಸ್ಸು ನಲವತ್ತನ್ನು ಎಂದೋ ದಾಟಿತ್ತು, ಕಿವಿಯೂ ಮಂದವಾಗಿತ್ತು. ಹದಿನೈದು ವರ್ಷಗಳಿಗೂ ಮಿಕ್ಕಿ ಆ ಕೆಲಸ ನಡೆಯಿತು. ಮೊಳೆ ಜೋಡಿಸಿದವರೂ ಅಚ್ಚುಹಾಕಿದವರೂ ಬರಗಾಲದಿಂದ ಬದುಕಿ ಬಂದ ಹೆಂಗಸರೇ. 1921ರಲ್ಲಿ ಒಬ್ಬಳೇ ಮಗಳು ಮನೋರಮೆ ತೀರಿಕೊಂಡಾಗಲೂ ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿಯವರು ತೀರಿಕೊಳ್ಳುವ ಹೊತ್ತಿಗೆ ಅನುವಾದ ಮುಗಿದಿತ್ತು.

ಸಂಸ್ಕೃತದಲ್ಲಿ ಕಲಕತ್ತೆಯ ಪಂಡಿತರನ್ನು ಬೆರಗುಗೊಳಿಸಿದವರು ಸಂಸ್ಕೃತ ಪದಗಳನ್ನು ಒಂದೊಂದಾಗಿ ತೆಗೆದುಹಾಕಿ, ಬೀಸುವ ಹೆಂಗಸಿಗೆ ತಿಳಿಯುವ ಮಾತನ್ನು ಹುಡುಕುತ್ತ ತಮ್ಮ ಕೊನೆಯ ವರ್ಷಗಳನ್ನು ಕಳೆದರು. ಜ್ಞಾನವು ಬದಲಾದ ಜೀವನದಲ್ಲಿ ಕಳೆದುಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನಮಗೆ ತಿಳಿಯದು. ಪಾಂಡಿತ್ಯವಿಲ್ಲದೆ ಆ ಅನುವಾದ ಸಾಧ್ಯವಿರಲಿಲ್ಲ. ಪಾಂಡಿತ್ಯವೊಂದೇ ಇದ್ದಿದ್ದರೆ ಅದರ ಅಗತ್ಯವೇ ತೋಚುತ್ತಿರಲಿಲ್ಲ. ಅವರ ಹೆಸರಿನಲ್ಲಿ ಭಾರತ ಸರ್ಕಾರವು 1989ರಲ್ಲಿ ಅಂಚೆಚೀಟಿ ಹೊರತಂದಿತು. ಕೇಡಗಾಂವದ ಮುಕ್ತಿ ಸಂಸ್ಥೆಯು ಈಗಲೂ ನಡೆಯುತ್ತಿದೆ.

ಮಿರಜದ ಹಾದಿ, ಗುಡ್ಡಾಪುರದ ಹಾದಿ

ಇನ್ನೂ ಹತ್ತಿರದ ಮಾತೊಂದನ್ನು ಹೇಳುವುದಾದರೆ, ನಮ್ಮ ಸೀಮೆಯಲ್ಲಿ ದೊಡ್ಡ ಬೇನೆ ಬಂದರೆ ಮಿರಜಕ್ಕೆ ಒಯ್ಯುವುದು ಅಜ್ಜಂದಿರ ಕಾಲದಿಂದ ಬಂದ ರೂಢಿ. 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಡಾಕ್ಟರ್ ವಿಲಿಯಂ ವಾನ್ಲೆಸ್ ಅವರೂ ಕ್ರೈಸ್ತ ನಂಬಿಕೆಯಿಂದಲೇ ಸಮುದ್ರ ದಾಟಿ ಬಂದವರು. ಅಲ್ಲಿಗೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋದ ಮುದುಕನಿಗೆ ಅವರ ಸಿದ್ಧಾಂತದ ಗೊಡವೆ ಇರಲಿಲ್ಲ. ಕಟ್ಟು ಬಿಚ್ಚಿದಾಗ ಮೊಮ್ಮಗನ ಮುಖ ಕಂಡಿತು, ಅಷ್ಟೇ ಅವನಿಗೆ ತಿಳಿದದ್ದು.

ನಮ್ಮ ತಾಲ್ಲೂಕಿನ ಗುಡ್ಡಾಪುರದ ದಾನಮ್ಮದೇವಿಯನ್ನು ಈ ಸಂದರ್ಭದಲ್ಲಿ ನೆನೆಯದಿರುವುದು ಸಾಧ್ಯವಿಲ್ಲ. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮನೆಂಬ ಶರಣೆಗೆ ಕೊಡುವ ಕೈಯ ದೆಸೆಯಿಂದ ದಾನಮ್ಮನೆಂಬ ಹೆಸರು ಬಂದಿತೆಂದು ಪರಂಪರೆ ಹೇಳುತ್ತದೆ. ಶರಣರು ನಡೆಯಿಲ್ಲದ ನುಡಿಯನ್ನು ಒಪ್ಪಲಿಲ್ಲ. ಯಾಕೋಬನು ತನ್ನ ಪತ್ರಿಕೆಯಲ್ಲಿ ನಡತೆಯಿಲ್ಲದ ನಂಬಿಕೆಯನ್ನು ಉಸಿರಿಲ್ಲದ ದೇಹಕ್ಕೆ ಹೋಲಿಸಿದನು. ಎರಡು ಧರ್ಮಗಳೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಈ ಒಂದು ವಿಷಯದಲ್ಲಿ ದಾನಮ್ಮನ ಜಾತ್ರೆಗೆ ಹೋಗುವ ನೆರೆಯವರೂ ರವಿವಾರ ಆರಾಧನೆಗೆ ಹೋಗುವ ನೆರೆಯವರೂ ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು.

ನಮ್ಮ ಮನೆಗಳಲ್ಲಿ

ಹಾಗಾದರೆ ಬಾಯಿಪಾಠ ಬೇಡವೆ? ಬೇಕು. ಮಗ್ಗಿ ಬಾರದವನಿಗೆ ಲೆಕ್ಕ ಎಂದಿಗೂ ಬಾರದು. ಮಕ್ಕಳು ಇಂದು ಅರ್ಥವರಿಯದೆ ಕಲಿತ ವಾಕ್ಯವು ಇಪ್ಪತ್ತು ವರ್ಷಗಳ ನಂತರ ಒಂದು ಕಷ್ಟದ ರಾತ್ರಿ ಅವರ ಕೈ ಹಿಡಿಯಬಹುದು. ರಮಾಬಾಯಿಯವರಿಗೂ ತಾಯಿಯಿಂದ ಬಂದ ಬಾಯಿಪಾಠದ ಸಾಧನೆಯೇ ಹೀಬ್ರೂ ಕಲಿಯುವ ಕಾಲಕ್ಕೆ ನೆರವಾಗಿರಬೇಕು. ಬಿತ್ತಿದ ಬೀಜವನ್ನು ದೂಷಿಸುವ ಕಾರಣವಿಲ್ಲ. ಬಿತ್ತಿದವರು ಕಳೆ ತೆಗೆಯಲು ಹೊಲಕ್ಕೆ ಹೋಗುತ್ತಿದ್ದಾರೆಯೆ ಎಂದು ಕೇಳಬೇಕು.

ಮನೆಯ ಪರೀಕ್ಷೆಯ ಪ್ರಶ್ನೆಗಳು ಶಾಲೆಯ ಪ್ರಶ್ನೆಗಳಂತೆ ಇರುವುದಿಲ್ಲ. ಮಗನ ಮದುವೆಯ ಮಾತುಕತೆಯಲ್ಲಿ ಹುಂಡದ ಮಾತು ಬಂದಾಗ, ಪ್ರಾರ್ಥನೆಯಿಂದ ಕೂಟವನ್ನು ಆರಂಭಿಸಿದ ಹಿರಿಯರು ಏನು ಹೇಳುತ್ತಾರೆ? ತಮ್ಮನ ಪಾಲಿನ ಬದುವನ್ನು ಒಂದು ಗೇಣು ಸರಿಸಿ ಉತ್ತವನು ಮುಂದಿನ ರವಿವಾರ ಕಾಣಿಕೆಯ ತಟ್ಟೆಗೆ ನೋಟು ಹಾಕಿದರೆ ಜಕ್ಕಾಯನ ಲೆಕ್ಕ ಸರಿಹೋಗುತ್ತದೆಯೆ? ಗಂಡ ತೀರಿದ ಸೊಸೆಯು ಮನೆಯಲ್ಲಿ ಊಟಕ್ಕೆ ಕೂಡುವಾಗ ಎಲ್ಲಿ ಕೂಡುತ್ತಾಳೆ, ಅವಳ ಮಗಳ ಶಾಲೆಯ ಖರ್ಚನ್ನು ಯಾರು ನೋಡುತ್ತಾರೆ? ದೀಕ್ಷಾಸ್ನಾನದ ನೀರು ಒಂದೇ ಆದರೂ ನೆಂಟಸ್ತನ ಬೆಳೆಸುವಾಗ ಹಳೆಯ ಜಾತಿಯನ್ನು ಕೇಳುವುದು ಇನ್ನೂ ಏಕೆ ನಿಂತಿಲ್ಲ? ಕ್ರೈಸ್ತ ಸಭೆಗಳಲ್ಲಿ ಜಾತಿಯ ನೆರಳು ಉಳಿದಿರುವುದನ್ನು ಸಭೆಗಳ ಹಿರಿಯರೇ ಒಪ್ಪುತ್ತಾರೆ. ಇವಕ್ಕೆ ಉತ್ತರವನ್ನು ಪುಸ್ತಕದಲ್ಲಿ ಹುಡುಕಿ ಒಪ್ಪಿಸಲಾಗದು.

ಮಕ್ಕಳು ಈ ಉತ್ತರಗಳನ್ನು ನೋಡುತ್ತಿರುತ್ತಾರೆ. ತರಗತಿಯಲ್ಲಿ ಶಿಕ್ಷಕರು ಹೇಳಿದ್ದಕ್ಕಿಂತ ಶಿಕ್ಷಕರು ಮಾಡಿದ್ದನ್ನು ವಿದ್ಯಾರ್ಥಿಗಳು ಬೇಗ ಕಲಿಯುತ್ತಾರೆಂಬುದು ಮೂವತ್ತು ವರ್ಷ ಪಾಠ ಮಾಡಿದ ಯಾರಿಗೂ ಗೊತ್ತಿರುವ ಸಂಗತಿ. ತಂದೆಯು ತಪ್ಪು ಮಾಡಿದಾಗ ಮಗನ ಎದುರಿನಲ್ಲಿಯೇ ನೆರೆಯವನ ಕ್ಷಮೆ ಕೇಳಿದರೆ, ಆ ಮಗನಿಗೆ ಕ್ಷಮೆಯ ಬಗ್ಗೆ ಬೇರೆ ಪಾಠ ಬೇಕಾಗುವುದಿಲ್ಲ. ತಾಯಿಯು ಕೂಲಿಯಾಳಿಗೆ ಮನೆಯವರ ತಾಟಿನಲ್ಲಿಯೇ ಊಟ ಬಡಿಸಿದರೆ, ನೆರೆಯವನನ್ನು ಪ್ರೀತಿಸುವ ಆಜ್ಞೆಯನ್ನು ಆ ಮನೆಯ ಮಗಳು ಕಣ್ಣಿನಿಂದ ಓದಿಕೊಳ್ಳುತ್ತಾಳೆ.

ಇದೆಲ್ಲವನ್ನು ಸ್ವಂತ ಬಲದಿಂದ ಒಂದೇ ದಿನದಲ್ಲಿ ಸಾಧಿಸಬೇಕೆಂದು ಯಾರೂ ಹೇಳುವುದಿಲ್ಲ. ರಮಾಬಾಯಿಯವರಂಥವರಿಗೇ ಎಂಟು ವರ್ಷ ಹಿಡಿಯಿತು. ನಿಕೊದೇಮನ ರಾತ್ರಿಗೂ ಅವನ ಹಗಲಿಗೂ ನಡುವೆ ಎಷ್ಟು ದಿನ ಕಳೆದವೋ ಸುವಾರ್ತೆ ಹೇಳುವುದಿಲ್ಲ. ಕ್ರೈಸ್ತ ನಂಬಿಕೆಯ ಪ್ರಕಾರ ಬದಲಾವಣೆಯು ದೇವರ ಕೃಪೆಯಿಂದ ಆರಂಭವಾಗುವ ಕೆಲಸ. ಅದಕ್ಕೆ ಬಾಗಿಲು ತೆರೆಯುವುದು ಮನುಷ್ಯನ ಪಾಲು. ತಾನು ಇನ್ನೂ ಅಂತರದ ಈಚೆಯಲ್ಲಿದ್ದೇನೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡವನಿಗೆ ಬಾಗಿಲು ಅರ್ಧ ತೆರೆದಂತೆಯೇ.

ಈ ತಿಂಗಳು ಓದುಗ ಬಂಧುಗಳು ಒಂದು ಸಣ್ಣ ಕೆಲಸ ಮಾಡಿ ನೋಡಬಹುದು. ಮನೆಯವರೆಲ್ಲ ಕೂಡಿ ಓದುವ ಭಾಗ ಯಾವುದೇ ಇರಲಿ, ಓದಿದ ಮೇಲೆ ಅದರ ಅರ್ಥವನ್ನು ಕೇಳುವ ಬದಲಾಗಿ, ನಾಳೆ ಇದನ್ನು ನಾವು ಯಾರ ಜೊತೆಯಲ್ಲಿ ಮಾಡಬೇಕು ಎಂದು ಕೇಳಲಿ. ಒಂದು ಹೆಸರು ಬಂದರೆ ಸಾಕು. ಮರುದಿನ ಸಂಜೆ ಆ ಹೆಸರಿನ ಬಗ್ಗೆ ಮತ್ತೆ ಕೇಳಲಿ. ಎಲ್ಲರಿಗಿಂತ ಮೊದಲು ಹಿರಿಯರು ಉತ್ತರ ಹೇಳಲಿ.